ಅಕ್ಕನ ಹತ್ರ ಕೇಳಿ: ಐದು ದಿನ ಕಾಫಿ, ಆರನೇ ದಿನ ಡೈರಿ ಬಂದ್

ಪ್ರಶ್ನೆ: ಅಕ್ಕ, ನಂಗೆ 27, ಮೈಸೂರಲ್ಲಿ ಸಾಫ್ಟ್‌ವೇರ್ ಕೆಲಸ. ವೀಕೆಂಡ್ ಬಂದ್ರೆ ಕ್ಯಾಮೆರಾ ಹಿಡ್ಕೊಂಡು ಕುಕ್ಕರಹಳ್ಳಿ ಕೆರೆಗೆ ಹೋಗ್ತೀನಿ, ಹಕ್ಕಿ ಫೋಟೋ ಹುಚ್ಚು. ಮೊದ್ಲು ಸಖತ್ ಖುಷಿ ಸಿಗ್ತಿತ್ತು, ಈಗ ಇನ್‌ಸ್ಟಾಗ್ರಾಂಗೆ ಹಾಕಿ ಲೈಕ್ ಎಣಿಸೋದೇ ಆಗೋಗಿದೆ, ಕಮ್ಮಿ ಬಂದ್ರೆ ಭಾನುವಾರನೇ ಹಾಳು. ಬಿಟ್ಬಿಡ್ಲಾ?
(ಹೆಸರು ಬೇಡ, ಮೈಸೂರು)

ಉತ್ತರ: ಹಕ್ಕಿ ಬಿಡಬೇಡ ಮಾರಾಯ, ಒಂದು ತಿಂಗಳು ಕ್ಯಾಮೆರಾ ಮನೇಲಿ ಬಿಡು. ಜೇಬಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಕೊ, ಯಾವ ಹಕ್ಕಿ, ಎಷ್ಟೊತ್ತಿಗೆ, ಏನ್ ಮಾಡ್ತಿತ್ತು, ಇಷ್ಟೇ ಬರಿ. ಬೂದು ಕುಂಡೆಕುಸ್ಕನ್ನ ನೋಡಿರ್ತೀಯಲ್ಲ (ಹೆಸರು ಕೇಳಿ ನಗೋರು ನಗ್ಲಿ, ಬಾಲ ಕುಣಿಸೋದು ನೋಡಿದ್ರೆ ಇದಕ್ಕಿಂತ ಒಳ್ಳೆ ಹೆಸರು ಇಡೋಕೆ ಆಗಲ್ಲ), ಅದು ಚಳಿಗಾಲಕ್ಕೆ ಉತ್ತರದಿಂದ ಬರೋದು, ಸೆಪ್ಟೆಂಬರ್ ಆಸುಪಾಸು ಬಂದು ಏಪ್ರಿಲ್ ಹೊತ್ತಿಗೆ ಹೊರಟೋಗುತ್ತೆ. ಈ ಸಲ ಮೊದ್ಲು ಯಾವತ್ತು ಕಂಡಿತು, ಕೊನೇದಾಗಿ ಯಾವತ್ತು ಕಂಡಿತು ಅಂತ ಬರ್ದಿಡು. ಬರೋ ವರ್ಷ ನೆಂಟರ ದಾರಿ ಕಾಯೋ ಹಾಗೆ ನೀನೇ ಕಾಯ್ತಿರ್ತೀಯ ನೋಡು. ಯಾರಿಗಾದ್ರೂ ಹೇಳ್ಲೇಬೇಕು ಅಂತ ಕೈ ತುರಿಸಿದ್ರೆ ಹಕ್ಕಿ ನೋಡೋರ ವೆಬ್‌ಸೈಟ್ ಆದ ಇ-ಬರ್ಡ್‌ಗೆ ಲಿಸ್ಟ್ ಹಾಕು, ಅಲ್ಲಿ ಯಾವ ಹಕ್ಕಿ ಎಷ್ಟು ಕಂಡ್ವು ಅಂತ ಕೇಳ್ತಾರೆ ಅಷ್ಟೇ. ತಿಂಗಳಾದ್ಮೇಲೆ ಕ್ಯಾಮೆರಾ ಬೇಕು ಅನ್ಸಿದ್ರೆ ಎತ್ಕೊ, ಯಾರು ಬೇಡ ಅಂದ್ರು.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಕಿ, 61 ವರ್ಷ, ಸಾಲಿ ಟೀಚರ್ ಇದ್ದೆ, ಹೋದ ವರ್ಷ ರಿಟೈರ್ ಆತು. ಮಗಾ ಸೊಸಿ ಪುಣೆದಾಗ ಅದಾರ, ಮನ್ಯಾಗ ನಾನು ನಮ್ಮನಿಯವರು ಇಬ್ರ. ಏನೂ ಕಡಿಮಿ ಇಲ್ರಿ, ಪೆನ್ಶನ್ ಬರ್ತೈತಿ, ಆರೋಗ್ಯ ಐತಿ, ಆದ್ರೂ ಮುಂಜಾನೆ ಎದ್ರ ಖಾಲಿ ಖಾಲಿ ಅನಸ್ತೈತಿ. ಸೊಸಿ ಹೇಳಿದ್ಲಂತ ಗ್ರಾಟಿಟ್ಯೂಡ್ ಡೈರಿ ಚಾಲೂ ಮಾಡ್ದೆ, ದಿನಾ ಥ್ಯಾಂಕ್ಸ್ ಹೇಳುವಂಥಾ ಮೂರು ಸಂಗತಿ ಬರೀಬೇಕಂತ. ನಾಕ ದಿನಕ್ಕ ಬರಿಯಾಕ ಏನೂ ಉಳೀಲಿಲ್ಲ, ಮ್ಯಾಲ ಇಷ್ಟೆಲ್ಲಾ ಇದ್ರೂ ಖುಷಿ ಯಾಕಿಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟು ಬರಾಕತ್ತೈತಿ. ನಮ್ಮವ್ವ ಕಸೂತಿ ಹಾಕ್ತಿದ್ಲು, ಆಕಿ ಸೂಜಿ ದಾರದ ಡಬ್ಬಿ ಇನ್ನೂ ಟ್ರಂಕಿನ್ಯಾಗ ಐತಿ. ಈ ವಯಸ್ಸಿನ್ಯಾಗ ಅದನ್ನ ಹಿಡೀಲೇನು ಅಂತ ಒಮ್ಮೊಮ್ಮೆ ಅನಸ್ತೈತಿ, ನೀವು ಏನಂತೀರಿ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಟೀಚರ್, ಮೊದ್ಲು ಆ ಡೈರಿ ವಿಷಯ ಮುಗಿಸ್ಬಿಡೋಣ. ನಾನೂ ಬರ್ದಿದೀನಿ. ಮೊದಲನೇ ದಿನ ‘ಬೆಳಗಿನ ಕಾಫಿ’, ಎರಡನೇ ದಿನ ‘ಕಾಫಿ ಮತ್ತು ಮಳೆ’, ಐದನೇ ದಿನಕ್ಕೆ ಬರೀ ‘ಕಾಫಿ’, ಆರನೇ ದಿನ ಡೈರಿನೇ ಬಂದ್. ಆಮೇಲೆ ಓದಿದಾಗ ಗೊತ್ತಾಯ್ತು, ಈ ಡೈರಿ ಫ್ಯಾಷನ್‌ಗೆಲ್ಲ ಮೂಲ ಅಂತ ಹೇಳೋ ಅಮೆರಿಕದ ಎಮನ್ಸ್, ಮೆಕಲೊ ಅನ್ನೋರ 2003ರ ಅಧ್ಯಯನ ಇದೆಯಲ್ಲ, ಅದ್ರ ಒಂದು ಪ್ರಯೋಗದಲ್ಲಿ ಜನ ಬರ್ದಿದ್ದು ವಾರಕ್ಕೆ ಒಂದೇ ಸಲ, ಹತ್ತು ವಾರ. ಲ್ಯುಬೊಮಿರ್ಸ್ಕಿ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ನೋಡಿದಾಗಲೂ ವಾರಕ್ಕೊಮ್ಮೆ ಬರ್ದೋರಿಗೆ ಉಪಯೋಗ ಆಗಿತ್ತು, ಮೂರು ಸಲ ಬರ್ದೋರಿಗೆ ಆಗಿರ್ಲಿಲ್ಲ. ನೀವು ಅಷ್ಟು ವರ್ಷ ಮಕ್ಕಳ ಕಾಪಿ ತಿದ್ದಿದೋರು, ಹೋಮ್‌ವರ್ಕ್ ಅಂತ ಬರೆಯೋದಕ್ಕೂ ಮನಸ್ಸು ಬಂದು ಬರೆಯೋದಕ್ಕೂ ಏನ್ ವ್ಯತ್ಯಾಸ ಅಂತ ನಾನು ನಿಮಗೆ ಹೇಳಬೇಕಾ? ಡೈರಿ ಮುಚ್ಚಿಡಿ, ಸೊಸೆಗೆ ನನ್ನ ಹೆಸರು ಹೇಳಿ.

ಈಗ ಡಬ್ಬಿ. ದಯವಿಟ್ಟು ಇವತ್ತೇ ತೆಗೀರಿ. ನಾನು ಹಳೇ ಮೈಸೂರು ಕಡೆಯೋಳು, ಧಾರವಾಡದಲ್ಲಿ ಆರು ವರ್ಷ ಇದ್ದಾಗ ಪಕ್ಕದ್ಮನೆ ಅಜ್ಜಿ ಹತ್ರ ಕಸೂತಿ ಕಲಿತೆ, ಕಲಿತೆ ಅನ್ನೋದಕ್ಕಿಂತ ಬೈಸ್ಕೊಂಡೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ, ನಿಮಗೆ ಅವ್ವನ ಬಾಯಲ್ಲಿ ಕೇಳಿ ಗೊತ್ತೇ ಇರುತ್ತೆ. ಬಟ್ಟೆ ಮೇಲೆ ಪೆನ್ಸಿಲಲ್ಲಿ ಚಿತ್ರ ಬರೆಯೋ ಹಾಗಿಲ್ಲ, ಬಟ್ಟೆಯ ಎಳೆ ಎಣಿಸ್ಕೊಂಡೇ ಹೋಗಬೇಕು, ದಾರಕ್ಕೆ ಗಂಟೂ ಹಾಕಬಾರದು. ಗವಂತಿ ಅಂದ್ರೆ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೋಗ್ತಾ ಎಲ್ಲಾ ಕಡೆ ಅರ್ಧ ಬಿಟ್ಕೊಂಡು ಹೋಗ್ತೀರಿ, ಆ ತುದಿ ಮುಟ್ಟಿ ಅದೇ ದಾರೀಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬ್ಕೊಂಡು ಬರ್ತೀರಿ, ಮುಗಿದಾಗ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತೆ. ನಾನು ಮೊದಲನೇ ವಾರ ತುಳಸಿ ಕಟ್ಟೆ ಚಿತ್ತಾರ ಶುರು ಮಾಡಿ ಎಲ್ಲೋ ಒಂದು ಕಡೆ ನಾಲ್ಕಕ್ಕೆ ಐದು ಎಳೆ ಎಣಿಸಿದ್ದೆ, ಗೊತ್ತೇ ಆಗಿಲ್ಲ, ಕೊನೇಲಿ ಕಟ್ಟೆಯ ಮೂಲೆ ಕೂಡ್ತಾನೇ ಇಲ್ಲ, ಒಂದೆಳೆ ಗ್ಯಾಪ್. ಅಜ್ಜಿ ಕನ್ನಡಕ ಏರಿಸ್ಕೊಂಡು ನೋಡಿ ‘ಬಿಚ್ಚವಾ’ ಅಂದ್ರು ಅಷ್ಟೇ. ಎರಡು ಮಧ್ಯಾಹ್ನದ ಕೆಲಸ ಬಿಚ್ಚಿದೆ, ಅಳು ಬರೋದೊಂದು ಬಾಕಿ.

ಆದ್ರೆ ಟೀಚರ್, ಆ ಬಿಚ್ಚಿದ ಮಧ್ಯಾಹ್ನ ನನಗೆ ಈಗಲೂ ನೆನಪಿದೆ, ಅಜ್ಜಿ ಮನೆ ಪಡಸಾಲೆ, ಬಾಗಿಲಲ್ಲಿ ಬಿಸಿಲು, ಒಳಗೆ ಶೇಂಗಾ ಹುರಿಯೋ ವಾಸನೆ, ಯಾವುದನ್ನೂ ನಾನು ಬರ್ದಿಟ್ಟಿರ್ಲಿಲ್ಲ. ಎಳೆ ಎಣಿಸ್ತಾ ಕೂತಾಗ ಬೇರೆ ಲೆಕ್ಕ ತಲೆಗೆ ಹತ್ತಲ್ಲ, ನನಗ್ಯಾಕೆ ಖುಷಿ ಇಲ್ಲ ಅನ್ನೋ ಲೆಕ್ಕನೂ. ದಾರ ಸಿಕ್ಕಾದಾಗ ಬಿಡಿಸ್ತಾ ಕೂತಿರ್ತೀವಲ್ಲ, ಆಗ ಯಾರ್ಯಾರೋ ನೆನಪಾಗ್ತಾರೆ, ಒಳ್ಳೇದು ಮಾಡಿದೋರು, ನಾವು ಥ್ಯಾಂಕ್ಸ್ ಹೇಳದೇ ಬಿಟ್ಟೋರು. ನಾನು ಹಾಗೇ ಒಂದಿನ ಸೂಜಿ ಕೆಳಗಿಟ್ಟು ನನ್ನ ಹೈಸ್ಕೂಲ್ ಮೇಡಂಗೆ ಫೋನ್ ಮಾಡಿದ್ದೆ, ಇಪ್ಪತ್ತು ವರ್ಷ ಆದ್ಮೇಲೆ. ಅವ್ರು ಮೊದಲು ಕೇಳಿದ್ದು ‘ಯಾರದ್ದಾದ್ರೂ ಮದುವೇನಮ್ಮ?’ ಅಂತ.

ವಯಸ್ಸಿನ ಮಾತು ಬಿಡಿ, ಕಣ್ಣಿನ ಮಾತು ಆಡೋಣ. ಇಳಕಲ್ ಸೀರೆಗೆ ನೇರ ಕೈ ಹಾಕಬೇಡಿ, ಎಳೆ ತೀರಾ ಸಣ್ಣ. ಒಂದು ಅರ್ಧ ಮೀಟರ್ ಮ್ಯಾಟಿ ಬಟ್ಟೆ ತನ್ನಿ, ಅದ್ರ ಚೌಕ ಚೆನ್ನಾಗಿ ಕಾಣುತ್ತೆ, ತುದಿ ಮೊಂಡಾಗಿರೋ ಸೂಜಿ, ಆರೆಳೆ ದಾರದಲ್ಲಿ ಎರಡೆಳೆ ಬಿಡಿಸ್ಕೊಂಡ್ರೆ ಸಾಕು. ಬೆಳಗ್ಗೆ ಹತ್ತು ಗಂಟೆ ಬೆಳಕಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ, ರಾತ್ರಿ ಟ್ಯೂಬ್‌ಲೈಟಲ್ಲಿ ಬೇಡ. ತೇರು, ಆನೆ ಅಂಬಾರಿ ಎಲ್ಲ ಆಮೇಲೆ, ಮೊದಲು ಬರೀ ಗವಂತಿ ಗೆರೆ. ಅವ್ವನ ಡಬ್ಬಿ ತಳದಲ್ಲಿ ಅರ್ಧಕ್ಕೆ ನಿಂತ ತುಂಡು ಬಟ್ಟೆ ಸಿಕ್ಕಿದ್ರೆ ಅದನ್ನ ಈಗಲೇ ಪೂರ್ತಿ ಮಾಡೋಕೆ ಹೋಗಬೇಡಿ, ಪಕ್ಕದಲ್ಲಿ ಇಟ್ಕೊಂಡು ಅವ್ರು ಹೇಗೆ ತಿರುಗಿಸಿದಾರೆ ಅಂತ ನೋಡ್ಕೊಂಡು ಕಲೀರಿ.

ಇನ್ನೊಂದು ಮಾತು, ಇದನ್ನ ಹಗುರವಾಗಿ ತಗೋಬೇಡಿ. ಆ ಖಾಲಿತನ ಎರಡು ವಾರ ದಾಟಿ, ನಿದ್ದೆ ಊಟನೂ ಬಿಟ್ಟೋದ್ರೆ ಅದು ಸೂಜಿ ದಾರದಿಂದ ಆಗೋ ಕೆಲಸ ಅಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ದೆ ಕನ್ನಡದಲ್ಲೇ ಮಾತಾಡ್ತಾರೆ, ಎದುರು ಕೂತು ಮಾತಾಡ್ಬೇಕು ಅಂದ್ರೆ ನಿಮಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಹತ್ರನೇ ಇದೆ. ನಾಚಿಕೆ ಪಡೋಂಥದ್ದೇನೂ ಇಲ್ಲ.

ಮೊದಲನೇ ತುಳಸಿ ಕಟ್ಟೆ ಮುಗಿದ್ಮೇಲೆ ನಂಗೊಂದು ಫೋಟೋ ಕಳಿಸಿ. ಮುಂದಿನ ಕಡೇದಲ್ಲ, ಹಿಂದಿನ ಕಡೇದು. ಅಜ್ಜಿ ಹಂಗೇ ನೋಡ್ತಿದ್ದಿದ್ದು.