ಫ್ರಿಜ್ ತುಂಬ ಡಬ್ಬಿಗಳಿದ್ದರೂ ‘ಇನ್ಸುಲಿನ್ ಇಲ್ಲ’ ಎನ್ನುವುದೇಕೆ?

ತಂದೆಯವರಿಗೆ ಇನ್ಸುಲಿನ್ ತರಲು ಸರ್ಕಾರಿ ಆಸ್ಪತ್ರೆಗೆ ಹೋದಾಗ, ಫ್ರಿಜ್ ತುಂಬ ಡಬ್ಬಿಗಳು ಕಾಣುತ್ತಿದ್ದರೂ ‘ಸ್ಟಾಕ್ ಇಲ್ಲ, ಸೋಮವಾರ ಬನ್ನಿ’ ಎಂದರು, ಇದು ಸರಿಯೇ ಎಂದು ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಸಿ ಅಧಿಕಾರಿ. ಕಾರಣ ಹೇಳದೆ ನಿಮ್ಮನ್ನು ಕಳುಹಿಸಿದ್ದು ತಪ್ಪೇ. ಆದರೆ ನೀವು ಕಂಡದ್ದೆಲ್ಲ ಇನ್ಸುಲಿನ್ ಆಗಿರಬೇಕೆಂದಿಲ್ಲ.

2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದವು ಹಲವಿವೆ: ಹುಚ್ಚುನಾಯಿ ಕಡಿತದ ಲಸಿಕೆ, ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್. ಇನ್ಸುಲಿನ್‌ನಲ್ಲೂ ಬೇಗ ಕೆಲಸ ಮಾಡುವ ರೆಗ್ಯುಲರ್ ಬೇರೆ, ಎರಡು ಬಗೆ ಬೆರೆಸಿದ 30/70 ಬೇರೆ. ಚೀಟಿಯಲ್ಲಿ ಒಂದಿದ್ದರೆ ಇನ್ನೊಂದನ್ನು ನಾವಾಗಿಯೇ ಕೊಡುವಂತಿಲ್ಲ.

ನಮಗೆ ಔಷಧ ಬರುವುದು ಹೆಚ್ಚಾಗಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಉಗ್ರಾಣದಿಂದ. ಹಿಂದಿನ ತಿಂಗಳುಗಳ ಖರ್ಚು, ಕೈಯಲ್ಲಿರುವ ದಾಸ್ತಾನು ಎರಡನ್ನೂ ನೋಡಿ ಇಂಡೆಂಟ್ (ಬೇಕಾದ ಔಷಧಗಳ ಬೇಡಿಕೆ ಪಟ್ಟಿ) ಹಾಕುತ್ತೇವೆ. ಕಡಿಮೆ ಬರೆದರೆ ರೋಗಿ ಬರಿಗೈಯಲ್ಲಿ ಹೋಗುತ್ತಾನೆ, ಹೆಚ್ಚು ಬರೆದರೆ ಅವಧಿ ಮೀರಿ ಹಾಳಾಗುತ್ತದೆ. ಬಂದ ಪೆಟ್ಟಿಗೆಗಳಲ್ಲಿ ಬೇಗ ಅವಧಿ ಮುಗಿಯುವ ಬ್ಯಾಚನ್ನು ಮುಂದಿಟ್ಟು ಅದನ್ನೇ ಮೊದಲು ಕೊಡುತ್ತೇವೆ.

ಹಳೆಯ ಲೆಕ್ಕವೊಂದೇ ಸಾಲದು, ಮಳೆಯನ್ನೂ ನೋಡಬೇಕು. ಮುಂಗಾರು ಬಿದ್ದು ತೊಗರಿ, ಹತ್ತಿ ಬಿತ್ತನೆ ಶುರುವಾಯಿತೆಂದರೆ ಹಾವು ಕಚ್ಚಿದವರು ಬರತೊಡಗುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಮದ್ದು. ವಿಷವೇರಿದ ಲಕ್ಷಣ ಕಂಡರೆ ಮೊದಲ ಸುತ್ತಿಗೇ 8ರಿಂದ 10 ಶಿಶಿ ಬೇಕು. 40 ಶಿಶಿ ಎಂದರೆ ಪುಸ್ತಕದಲ್ಲಿ ದೊಡ್ಡ ಸಂಖ್ಯೆ, ನಾಲ್ಕೈದು ಜನ ಬಂದರೆ ಮುಗಿಯಿತು. ಒಮ್ಮೆ ನಡುರಾತ್ರಿ ಗದ್ದೆಯಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದರು, ಕಾಲಿಗೆ ಸೀರೆಯ ಅಂಚನ್ನು ಬಿಗಿದು ಕಟ್ಟಿದ್ದರು (ಹಾಗೆ ಕಟ್ಟಬೇಡಿ, ಕಾಲಿಗೇ ಕೇಡು). ಬೆಳಿಗ್ಗೆ ಅವಳ ಮಂಚದ ಬಳಿಯಿಂದ ತಂದ ಹತ್ತು ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಎಣಿಸಿ ದಾಸ್ತಾನು ಪುಸ್ತಕದಲ್ಲಿ ಕಳೆದೆ. ಅವಳು ಬದುಕಿದಳು. ಅಂದಿನಿಂದ ಆ ಮದ್ದಿನ ಇಂಡೆಂಟನ್ನು ಮೇ ತಿಂಗಳಲ್ಲೇ ಹಾಕುತ್ತೇನೆ, ದಾಸ್ತಾನು ಒಬ್ಬರಿಗೆ ಸಾಕಾಗುವಷ್ಟಕ್ಕಿಂತ ಕೆಳಗಿಳಿಯಲು ಎಂದೂ ಬಿಡುವುದಿಲ್ಲ.

ಮೇ ತಿಂಗಳಿಗೆ ಇನ್ನೊಂದು ಆತಂಕ ಕರೆಂಟಿನದು. ಹೊರಗೆ ಬಿಸಿಲು 40 ಡಿಗ್ರಿ ದಾಟಿರುವಾಗ ಫ್ರಿಜ್ ನಿಂತರೆ ಒಳಗಿನದೆಲ್ಲ ಅನುಮಾನಕ್ಕೆ ಬೀಳುತ್ತದೆ. ಅದಕ್ಕೇ ಬೆಳಿಗ್ಗೆ, ಸಂಜೆ ತಾಪಮಾನ ಬರೆದಿಡುತ್ತೇವೆ.

ಸೋಮವಾರ ಹೋದಾಗ ತಂದೆಯವರ ಹಳೆಯ ಶಿಶಿಯನ್ನೂ ಚೀಟಿಯನ್ನೂ ಒಯ್ದು ತೋರಿಸಿ. ಆಗಲೂ ಇಲ್ಲವೆಂದರೆ ಇಂಡೆಂಟ್ ಹಾಕಿದ್ದಾರೆಯೇ, ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಕೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ. ಅಲ್ಲಿಯವರೆಗೆ ಡೋಸ್ ತಪ್ಪಿಸಬೇಡಿ, ಒಂದು ಶಿಶಿಯನ್ನು ಹೊರಗಾದರೂ ಕೊಳ್ಳಿ. ತರುವಾಗ ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಶಿಶಿಯ ಮೇಲೆ 40 (ಒಂದು ಮಿ.ಲೀ.ಗೆ 40 ಯೂನಿಟ್) ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜನ್ನೇ ಕೇಳಿ ತೆಗೆದುಕೊಳ್ಳಿ, ಕಿತ್ತಳೆ ಮುಚ್ಚಳದ್ದು 100ರ ಅಳತೆಯದು.