ಪೀಠಿಕೆ ಬಾಯಿಪಾಠ ಬರುತ್ತೆ, ಅರ್ಥ ಕೇಳಿದರೆ ಮಕ್ಕಳು ಸುಮ್ಮನಾಗ್ತಾರೆ. ಹೇಗೆ ಕಲಿಸಲಿ?

ಒಂಬತ್ತನೇ ತರಗತಿಯವರು ಪ್ರಾರ್ಥನೆ ವೇಳೆ ಸಂವಿಧಾನದ ಪೀಠಿಕೆಯನ್ನು ತಡವರಿಸದೆ ಹೇಳುತ್ತಾರೆ, 'ಅಧಿನಿಯಮಿಸಿ' (ಶಾಸನವಾಗಿ ಮಾಡಿ) ಅಂದರೇನು ಎಂದರೆ ತಲೆ ತಗ್ಗಿಸುತ್ತಾರೆ ಎಂದು ಬರೆದಿದ್ದೀರಿ. ನಾನೂ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ದಯವಿಟ್ಟು ಪದಗಳ ಅರ್ಥ ಬರೆಸುವುದರಿಂದ ಶುರು ಮಾಡಬೇಡಿ. ಪಟ್ಟಿ ಕೊಟ್ಟರೆ ಅದನ್ನೂ ಬಾಯಿಪಾಠ ಮಾಡುತ್ತಾರೆ.

ಪೀಠಿಕೆ ಇಡೀ ಒಂದೇ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಮಕ್ಕಳು ಅಲ್ಲಿಗೆ ತಲುಪುವಷ್ಟರಲ್ಲಿ ಕರ್ತೃವನ್ನೇ ಮರೆತಿರುತ್ತಾರೆ. ಬೋರ್ಡಿನ ಮೇಲೆ ಎರಡೇ ತುದಿ ಬರೆಯಿರಿ: 'ಭಾರತದ ಜನತೆಯಾದ ನಾವು' ಮತ್ತು 'ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ'. ನಡುವೆ ಖಾಲಿ ಬಿಡಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂದಷ್ಟೇ ಕೇಳಿ. ನಮ್ಮ ತರಗತಿಯಲ್ಲಿ ಒಬ್ಬಳು, "ಹಾಗಾದ್ರೆ ಇದು ಬ್ರಿಟಿಷರು ಕೊಟ್ಟು ಹೋಗಿದ್ದಲ್ವಾ ಮಿಸ್?" ಅಂದಳು. ಆ ಪ್ರಶ್ನೆ ಬಂದರೆ ಅರ್ಧ ಪಾಠ ಆದ ಹಾಗೆ. ಆಮೇಲೆ 'ಯಾತಕ್ಕಾಗಿ' ಎಂದು ಕೇಳುತ್ತಾ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ಒಂದೊಂದಾಗಿ ನಡುವೆ ತುಂಬಿಸಿ.

ಮುಂದಿನ ಪೀರಿಯಡ್ ಪೂರ್ತಿ 1949ರ ಅಕ್ಟೋಬರ್ 17ಕ್ಕೆ ಮೀಸಲಿಡಿ. ಸಂವಿಧಾನವನ್ನು ರಚಿಸಿದ ಸಂವಿಧಾನ ಸಭೆ ಪೀಠಿಕೆಯನ್ನು ಚರ್ಚಿಸಿದ ದಿನ ಅದು. ಸಭೆಯ ಸದಸ್ಯರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್, ಪೀಠಿಕೆ 'ದೇವರ ಹೆಸರಿನಲ್ಲಿ' ಎಂದು ಶುರುವಾಗಲಿ ಎಂದು ತಿದ್ದುಪಡಿ ತಂದರು. ದೇವರ ಜೊತೆ ದೇವಿಯೂ ಇರಲಿ ಎಂದರು ರೋಹಿಣಿ ಕುಮಾರ್ ಚೌಧುರಿ. ನಂಬಿಕೆ ಅವರವರಿಗೆ ಬಿಟ್ಟದ್ದು, ಎಲ್ಲರ ಮೇಲೆ ಹೇರಬಾರದು ಎಂದವರು ಹೃದಯನಾಥ ಕುಂಜ್ರು. ದೇವರನ್ನು ಮತದಾನಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಹಿಂದೆಗೆಯಲಿಲ್ಲ. ಪರವಾಗಿ 41 ಮತ, ವಿರುದ್ಧ 68, ತಿದ್ದುಪಡಿ ಬಿದ್ದುಹೋಯಿತು. ಈ ಪಾತ್ರಗಳನ್ನು ಮಕ್ಕಳಿಗೆ ಹಂಚಿ ವಾದ ಮಾಡಿಸಿ, ಕೈ ಎತ್ತಿಸಿ. ಭಕ್ತಿಯಿರುವ ಮಕ್ಕಳೂ ಕುಂಜ್ರು ಪರ ಮಾತಾಡುವುದನ್ನು ನೋಡುತ್ತೀರಿ. ಉಪಾಸನಾ ಸ್ವಾತಂತ್ರ್ಯ ಏನೆಂದು ಆಗ ಬೇರೆ ಹೇಳಬೇಕಾಗಿಲ್ಲ.

'ಸಮಾಜವಾದಿ', 'ಜಾತ್ಯತೀತ', 'ಅಖಂಡತೆ' 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಪೀಠಿಕೆಯ ಹಳೆಯ ರೂಪ, ಈಗಿನ ರೂಪ ಎರಡನ್ನೂ ಕೊಟ್ಟು ವ್ಯತ್ಯಾಸ ಹುಡುಕಲು ಹೇಳಿದರೆ ಸಾಕು.

ನಿಧಾನ ಮಾಡಬೇಕಾದದ್ದು ಭ್ರಾತೃತ್ವದ ಹತ್ತಿರ. ಪಠ್ಯದಲ್ಲಿ ಇದು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ನನಗೆ ಅದು ತೀರಾ ಅನ್ಯಾಯ ಅನಿಸುತ್ತದೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆ ಸಹಜವಾಗಿ ನಡೆಯುವುದಿಲ್ಲ, ಅವನ್ನು ಜಾರಿ ಮಾಡಲು ಕಾನ್‌ಸ್ಟೇಬಲ್ ಬೇಕಾಗುತ್ತಾನೆ ಎಂದರು. ಇದನ್ನು ಬಿಸಿಯೂಟದ ಸಾಲಿಗೆ ತನ್ನಿ. ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಇದೆ, 17ನೇ ವಿಧಿ ಅದನ್ನು ನಿಷೇಧಿಸಿದೆ. ಆದರೆ ಊಟಕ್ಕೆ ಯಾರ ಪಕ್ಕ ಕೂರುತ್ತೀರಿ, ಹಬ್ಬಕ್ಕೆ ಯಾರನ್ನು ಮನೆಯೊಳಗೆ ಕರೆಯುತ್ತೀರಿ, ಇಲ್ಲಿಗೆ ಯಾವ ಪೊಲೀಸು ಬರುತ್ತಾರೆ? ಉತ್ತರವನ್ನು ಜೋರಾಗಿ ಹೇಳಿಸಬೇಡಿ, ಚೀಟಿಯಲ್ಲಿ ಹೆಸರಿಲ್ಲದೆ ಬರೆಸಿ. ನೋವುಂಡ ಮಗುವೂ ಅದೇ ಬೆಂಚಿನಲ್ಲಿರುತ್ತದೆ, ತರಗತಿಯ ಎದುರು ಅದನ್ನು ಉದಾಹರಣೆ ಮಾಡಬಾರದು.

ಆಳುವವರೇ ಸಂವಿಧಾನವನ್ನು ಬದಲಾಯಿಸಿಬಿಟ್ಟರೆ ಎಂದು ಯಾರಾದರೂ ಕೇಳಿದರೆ ಕೇಶವಾನಂದ ಭಾರತಿ ಪ್ರಕರಣ ಹೇಳಿ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಪೀಠಿಕೆ ಸಂವಿಧಾನದ ಭಾಗವೇ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಂವಿಧಾನ ಸಭೆಯ ಚರ್ಚೆಗಳ ಇಂಗ್ಲಿಷ್ ಪಾಠ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅಕ್ಟೋಬರ್ 17ರದ್ದು ಹತ್ತನೇ ಸಂಪುಟದಲ್ಲಿದೆ. ಪಾತ್ರಕ್ಕೆ ನಾಲ್ಕೈದು ಸಾಲಿನಂತೆ ನೀವೇ ನಿಮ್ಮೂರಿನ ಕನ್ನಡದಲ್ಲಿ ಬರೆದುಕೊಡಿ, ಮಕ್ಕಳು ಅದನ್ನು ತಮ್ಮ ಮಾತಾಗಿಸಿಕೊಳ್ಳುತ್ತಾರೆ.