ಮಾಗಿ ಚಳಿಯಲ್ಲಿ ಈಜುಕೊಳ: ಗಾಳಿಯ ಡಿಗ್ರಿ ಬಿಡಿ, ನೀರಿನ ಡಿಗ್ರಿ ಕೇಳಿ

ನಾನು ಚಿಕ್ಕಮಗಳೂರಿನಲ್ಲಿ ಮಕ್ಕಳ ವೈದ್ಯೆ. ಡಿಸೆಂಬರ್ ಬಂತೆಂದರೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ಹೋಂಸ್ಟೇ ಬುಕ್ ಆಗಿದೆ, ಮಕ್ಕಳಿಗೆ ಹೊಸ ಈಜುಡುಗೆ ತಂದಾಗಿದೆ, ಈಗ ಹೇಳಿ ಡಾಕ್ಟ್ರೇ, ಚಳಿ ಆಗುತ್ತಾ? ಇಷ್ಟು ವರ್ಷ ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ, ಮೊದಲು ನಿಮ್ಮ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ. ಮಗು ನೀರಿನಲ್ಲಿರುವಾಗ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿರಬೇಕು ಎನ್ನುವಂಥ ಮಾತುಗಳನ್ನು ಮತ್ತೆ ಹೇಳುವುದಿಲ್ಲ. ಅದು ನಿಮಗೆ ಗೊತ್ತಿರಲೇಬೇಕು.

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ನಿಮ್ಮೂರಿಗೆ ಮೂರು ದಿನಕ್ಕೆ ಬರುತ್ತಿದ್ದೇವೆ. ಮಕ್ಕಳಿಗೆ 4 ಮತ್ತು 9 ವರ್ಷ. ಅತ್ತೆ, ಮಾವನೂ ಬರುತ್ತಾರೆ. ಹೋಂಸ್ಟೇಯಲ್ಲಿ ಈಜುಕೊಳ ಇದೆ. ಮೊಬೈಲ್‌ನಲ್ಲಿ ಮಧ್ಯಾಹ್ನ 27 ಡಿಗ್ರಿ ತೋರಿಸುತ್ತಿದೆ. ಈಜೋಕೆ ಅಷ್ಟು ಬೆಚ್ಚಗಿದ್ದರೆ ಸಾಕಲ್ವಾ?

ಸಾಲದು. ಆ 27 ಗಾಳಿಯದ್ದು. ಮಕ್ಕಳು ಇಳಿಯುವುದು ನೀರಿಗೆ.

ನಮ್ಮೂರು ಇರುವುದು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿ. ಹಾಸನವೂ ಹೆಚ್ಚು ಕಡಿಮೆ ಅಷ್ಟೇ. ಮಾಗಿಯಲ್ಲಿ ಮಧ್ಯಾಹ್ನ ಶರ್ಟಿನಲ್ಲಿ ಓಡಾಡಬಹುದು, ರಾತ್ರಿ ಮಾತ್ರ 14, 15 ಡಿಗ್ರಿಗೆ ಇಳಿಯುತ್ತದೆ. ಮೋಡವಿಲ್ಲದ ಆ ರಾತ್ರಿಗಳಲ್ಲಿ ತೆರೆದ ಕೊಳ ಹಗಲಿಡೀ ಕೂಡಿಟ್ಟ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬೆಳಿಗ್ಗೆ ನೀರಿನ ಮೇಲೆ ಹಬೆ ಏಳುವುದನ್ನು ನೋಡಿ ಕೆಲವರು ನೀರು ಬೆಚ್ಚಗಿದೆ ಅಂದುಕೊಳ್ಳುತ್ತಾರೆ. ಗಾಳಿ ನೀರಿಗಿಂತಲೂ ತಣ್ಣಗಿದೆ ಎನ್ನುವುದಷ್ಟೇ ಅದರ ಅರ್ಥ.

ಹೋದ ಜನವರಿಯಲ್ಲಿ ಮೂಡಿಗೆರೆ ಕಡೆ ನೆಂಟರ ತೋಟದ ಮನೆಗೆ ಹೋಗಿದ್ದೆ. ಕಾಫಿ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರಡಿದ್ದರು. ಕಣದ ಸಿಮೆಂಟು ಎಷ್ಟು ಕಾದಿತ್ತೆಂದರೆ ಬರಿಗಾಲಲ್ಲಿ ನಿಲ್ಲೋಕೆ ಆಗುತ್ತಿರಲಿಲ್ಲ. ಅಲ್ಲಿಂದ ಹತ್ತು ಹೆಜ್ಜೆಗೆ ಕೊಳ, ಅದರ ಮೇಲೆ ಸಿಲ್ವರ್ ಓಕ್ ಮರಗಳ ನೆರಳು. ನಾನು ಥರ್ಮಾಮೀಟರ್ ಒಯ್ದಿದ್ದೆ. ಬೆಳಿಗ್ಗೆ ಎಂಟಕ್ಕೆ ನೀರು 19 ಡಿಗ್ರಿ. ಮಧ್ಯಾಹ್ನ ಎರಡಕ್ಕೆ ಕಣ ಹಾಗೆ ಸುಡುತ್ತಿದ್ದಾಗಲೂ 21. ಇಡೀ ಹಗಲಿನ ಬಿಸಿಲು ಆ ನೀರಿಗೆ ಕೊಟ್ಟಿದ್ದು ಎರಡೇ ಡಿಗ್ರಿ.

ನಾನು ಬೇಡ ಎನ್ನುವಷ್ಟರಲ್ಲಿ ಅಕ್ಕನ ಮೊಮ್ಮಗಳು ಇಳಿದಾಗಿತ್ತು. ಅವಳಿಗೆ ಆರು ವರ್ಷ. ಮೊದಲ ಹತ್ತು ನಿಮಿಷ ಒಂದೇ ಸಮನೆ ಮಾತು, ಕೂಗಾಟ. ಆಮೇಲೆ ಮಾತು ನಿಂತಿತು. ಆಟದಲ್ಲಿ ಮುಳುಗಿದ್ದಾಳೆ ಬಿಡಿ, ಅಂದರು ಅವಳಮ್ಮ. ನಾನು ಎದ್ದು ಹೋಗಿ ಎತ್ತಿಕೊಂಡೆ. ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಟವೆಲ್ ಸುತ್ತಿ ಫ್ರಾಕು ಕೊಟ್ಟರೆ ಗುಂಡಿ ಹಾಕಲು ಬೆರಳು ಬಗ್ಗುತ್ತಿಲ್ಲ. ಬಿಸಿ ಹಾಲು ಕುಡಿಸುವಾಗ ಲೋಟ ಹಲ್ಲಿಗೆ ಟಕಟಕ ಬಡಿಯುತ್ತಿತ್ತು. ಅವಳು ಮೊದಲಿನಂತೆ ಮಾತಾಡಲು ಮುಕ್ಕಾಲು ಗಂಟೆ ಬೇಕಾಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಮಕ್ಕಳು "ಚಳಿ" ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಆಟ ನಿಲ್ಲುತ್ತದೆ ಅಂತ ಅವರಿಗೆ ಗೊತ್ತು. ಗಲಾಟೆ ಮಾಡುವ ಮಗು ಸುಮ್ಮನಾಯಿತು ಅಂದರೆ ಅದೂ ಚಳಿಯ ಲಕ್ಷಣ. ತುಟಿ ನೀಲಿಯಾಗುವುದು, ನಡುಕ ಕೂಡ ಲಕ್ಷಣಗಳೇ. ನಡುಗುತ್ತಿದ್ದ ಮಗು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ತೂಕಡಿಸತೊಡಗಿದರೆ ಮೈ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಅಂತ ಅರ್ಥ. ಆಗ ಮನೆಮದ್ದು ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಅದಕ್ಕೇ 21 ಡಿಗ್ರಿಯ ಕೋಣೆ ಹಿತ, 21 ಡಿಗ್ರಿಯ ನೀರು ಶಿಕ್ಷೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಚರ್ಮದಡಿಯ ಕೊಬ್ಬು ಕಡಿಮೆ. ನಿಮ್ಮ 4 ವರ್ಷದ ಮಗು ನಿಮಗಿಂತ ಎಷ್ಟೋ ಬೇಗ ತಣ್ಣಗಾಗುತ್ತದೆ. ಒಂದೇ ಸಮನೆ ಕೈಕಾಲು ಬಡಿಯುವ ಈಜುಗಾರರ ಸ್ಪರ್ಧೆಗೇ ನೀರು 25ರಿಂದ 28 ಡಿಗ್ರಿ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಪುಟ್ಟ ಮಕ್ಕಳಿಗೆ ಈಜು ಕಲಿಸುವ ಒಳ್ಳೆಯ ಕಡೆಗಳಲ್ಲಿ 30ರ ಮೇಲೆ ಇಟ್ಟುಕೊಳ್ಳುತ್ತಾರೆ.

ಈಗ ನನ್ನ ಲೆಕ್ಕ ಕೇಳಿ. ಇದು ಸ್ವಲ್ಪ ಬಿಗಿ ಅನ್ನಿಸಬಹುದು, ಅನ್ನಿಸಲಿ. ನೀರು 28 ಇದ್ದರೆ ಇಬ್ಬರೂ ಅರ್ಧ ಗಂಟೆ ಆಡಲಿ. 24ರಿಂದ 28ರ ನಡುವೆ ಇದ್ದರೆ ದೊಡ್ಡವನಿಗೆ ಇಪ್ಪತ್ತು ನಿಮಿಷ, ಚಿಕ್ಕವನಿಗೆ ಹತ್ತು. 24ಕ್ಕಿಂತ ಕೆಳಗಿದ್ದರೆ ಚಿಕ್ಕವನು ದಡದಲ್ಲಿ ಕೂತು ಕಾಲು ಆಡಿಸಲಿ, ಸಾಕು. ದೊಡ್ಡವನು ಹತ್ತು ನಿಮಿಷ ಇಳಿದು ಮೇಲೆ ಬರಲಿ. 20ಕ್ಕಿಂತ ಕೆಳಗಿದ್ದರೆ ಮಕ್ಕಳಾರೂ ಬೇಡ. ಹೊತ್ತು ಯಾವುದೆಂದರೆ ಮಧ್ಯಾಹ್ನ 12ರಿಂದ 3. ಬೆಟ್ಟದ ಮಗ್ಗುಲಿನ ಮನೆಯಾದರೆ ನಾಲ್ಕಕ್ಕೇ ಬಿಸಿಲು ಸರಿಯುತ್ತದೆ, ಗಾಳಿ ಏಳುತ್ತದೆ. ಒದ್ದೆ ಮೈಗೆ ಆ ಗಾಳಿ ನೀರಿಗಿಂತ ಕೆಟ್ಟದ್ದು. ಮೇಲೆ ಬಂದ ತಕ್ಷಣ ಒದ್ದೆ ಬಟ್ಟೆ ಬಿಚ್ಚಿ, ತಲೆ ಒರೆಸಿ, ಟೋಪಿ ಹಾಕಿ. ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ, ಹಂಡೆಯಿಂದ ಕುದಿಯುವಂಥ ನೀರು ಮೊಗೆದು ಹುಯ್ಯಬೇಡಿ.

ಹೋಂಸ್ಟೇಯವರಿಗೆ ಫೋನ್ ಮಾಡಿ "ಪೂಲ್ ಇದೆಯಾ" ಅಂತ ಕೇಳುತ್ತೀರಿ. ಅದರ ಜೊತೆಗೇ "ಈಗ ನೀರು ಎಷ್ಟು ಡಿಗ್ರಿ ಇದೆ, ಕೊಳದ ಮೇಲೆ ಎಷ್ಟು ಹೊತ್ತು ಬಿಸಿಲು ಬೀಳುತ್ತೆ" ಅಂತಲೂ ಕೇಳಿ. ಉತ್ತರ ಗೊತ್ತಿಲ್ಲದವರೇ ಜಾಸ್ತಿ. ಆದ್ದರಿಂದ ಮಗುವಿನ ಸ್ನಾನದ ನೀರು ಅಳೆಯುವ ಥರ್ಮಾಮೀಟರ್ ಒಂದನ್ನು ಚೀಲದಲ್ಲಿ ಹಾಕಿಕೊಳ್ಳಿ. ಜ್ವರದ ಥರ್ಮಾಮೀಟರ್‌ನಿಂದ ಇದು ಆಗುವುದಿಲ್ಲ.

ಇನ್ನು ನಿಮ್ಮ ಮಾವ. ವಯಸ್ಸಾದವರು, ಬಿಪಿ ಅಥವಾ ಹೃದಯದ ತೊಂದರೆ ಇರುವವರು ತಣ್ಣೀರಿಗೆ ಧುಮುಕಲೇಬಾರದು. ಮೈಗೆ ತಣ್ಣೀರು ಬಡಿದ ಕ್ಷಣ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಆ ಗಳಿಗೆಯಲ್ಲಿ ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಈ ಮಾತು ಮಕ್ಕಳಿಗೂ ಅನ್ವಯಿಸುತ್ತದೆ. ಯಾರೇ ಆಗಲಿ, ಮೆಟ್ಟಿಲಿನಿಂದ ನಿಧಾನಕ್ಕೆ ಇಳಿಯಿರಿ.

ನೀರಿಗಿಳಿಯುವ ಮುಂಚೆ ಮಗುವಿಗೆ ಅರ್ಧ ಚಮಚ ಬ್ರಾಂದಿ ಕೊಟ್ಟರೆ ಚಳಿ ತಡೆಯುತ್ತದಂತೆ, ನಿಜವಾ?

ಯಾರು ಹೇಳಿದರೋ ಅವರ ಮಾತನ್ನು ಇನ್ನು ಮುಂದೆ ಯಾವ ವಿಷಯಕ್ಕೂ ಕೇಳಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಮೇಲಾಗಿ ಮಗುವಿಗೆ ಅದು ವಿಷ.

ತಣ್ಣೀರಲ್ಲಿ ಆಡಿದರೆ ನ್ಯುಮೋನಿಯಾ ಬರುತ್ತಾ?

ನ್ಯುಮೋನಿಯಾ ಬರುವುದು ವೈರಸ್, ಬ್ಯಾಕ್ಟೀರಿಯಾಗಳಿಂದ. ಆದರೆ ಉಬ್ಬಸ ಇರುವ ಮಗುವಿಗೆ ತಣ್ಣನೆಯ ಗಾಳಿ, ನೀರು ಎರಡೂ ಕೆಮ್ಮು ಎಬ್ಬಿಸಬಹುದು. ಇನ್‌ಹೇಲರ್ ಕೈಯಲ್ಲೇ ಇರಲಿ.

ಕಿವಿಗೆ ನೀರು ಹೋಗದಂತೆ ಬಿಸಿ ಕೊಬ್ಬರಿ ಎಣ್ಣೆ ಬಿಡಬಹುದಾ?

ಬೇಡ. ಕಿವಿಗೆ ಏನನ್ನೂ ಬಿಡಬೇಡಿ.

ನಾವು ಹಾಸನದವರು. ಈಜುಕೊಳ ತಣ್ಣಗಿದ್ದರೆ ಗೊರೂರು ಹಿನ್ನೀರಿಗೋ ಹೆಬ್ಬೆ ಜಲಪಾತಕ್ಕೋ ಹೋಗೋಣ ಅಂತಿದ್ದೇವೆ.

ನೋಡಲು ಹೋಗಿ, ಇಳಿಯಲು ಬೇಡ. ಗೊರೂರಿನ ಆ ಹೇಮಾವತಿ ಹಿನ್ನೀರಿನಡಿ ಇರುವುದು ಮುಳುಗಿದ ಹೊಲ, ಮನೆ, ಮರದ ಬುಡಗಳು. ಅಲ್ಲೇ ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ದಡದಲ್ಲಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಣಕಾಲುದ್ದ ಇದೆ ಅಂದುಕೊಂಡು ಮುಂದಿಟ್ಟ ಹೆಜ್ಜೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಜಲಪಾತದ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಕಾಡಿನ ನೆರಳಲ್ಲಿ ಹರಿದು ಬಂದ ನೀರು ಕೊರೆಯುತ್ತದೆ. ತಣ್ಣೀರಿನಲ್ಲಿ ಈಜು ಬಲ್ಲವರ ಕೈಕಾಲೂ ಸೋಲುತ್ತದೆ.

ನೀರಿನಲ್ಲಿ ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಪ್ರವಾಸಕ್ಕೆ ಉಪ್ಪು ಒಯ್ಯಬೇಕಾ?

ಈ ಪ್ರಶ್ನೆ ಓದಿ ಕೈ ನಡುಗಿತು. ಇದು ಶುದ್ಧ ಸುಳ್ಳು. ನಮ್ಮ ರಾಜ್ಯದಲ್ಲೇ ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿ ಇದನ್ನು ನಂಬಿ ಉಪ್ಪಿನ ರಾಶಿಯ ಪಕ್ಕ ಗಂಟೆಗಟ್ಟಲೆ ಕಾದಿದ್ದಾರೆ. ಮುಳುಗಿದ ಮಗುವಿಗೆ ಬೇಕಾಗಿರುವುದು ಉಸಿರು. ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದೂ ಬೇಡ, ಹೊಟ್ಟೆ ಒತ್ತಿ ನೀರು ತೆಗೆಯುವುದೂ ಬೇಡ. ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಹೊರಡುವ ಮುಂಚೆ ಮನೆಯಲ್ಲಿ ಒಬ್ಬರಾದರೂ ಇದನ್ನು ಕಲಿತುಕೊಳ್ಳಿ. ಆ ಮೆಸೇಜನ್ನು ಯಾರಿಗೂ ಕಳಿಸಬೇಡಿ, ಕಳಿಸಿದವರಿಗೆ ತಪ್ಪು ಅಂತ ಹೇಳಿ.

ಹೀಟೆಡ್ ಪೂಲ್ ಅಂತ ಬರೆದಿದ್ದಾರೆ. ನಂಬಬಹುದಾ?

ಲೆಕ್ಕ ಹಾಕಿ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕಡಿ ಆಳದ ಕೊಳದಲ್ಲಿ ಸುಮಾರು 60 ಸಾವಿರ ಲೀಟರ್ ನೀರಿರುತ್ತದೆ. ಅದನ್ನು ಒಂದೇ ಒಂದು ಡಿಗ್ರಿ ಏರಿಸಲು 70 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ರಾತ್ರಿ ಮೇಲೆ ಹೊದಿಕೆ ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಅದೂ ಕೈ ಬಿಡುತ್ತದೆ. ಎಷ್ಟು ಡಿಗ್ರಿಗೆ ಕಾಯಿಸುತ್ತೀರಿ, ರಾತ್ರಿ ಕೊಳ ಮುಚ್ಚುತ್ತೀರಾ? ಈ ಎರಡಕ್ಕೆ ನೇರ ಉತ್ತರ ಸಿಕ್ಕರೆ ನಂಬಿ.

ಹಾಗಾದರೆ ಮಕ್ಕಳನ್ನು ಈಜಿಸಲು ಯಾವಾಗ ಬರಬೇಕು?

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದೆ ಅನ್ನುತ್ತಾರಲ್ವಾ, ಅದಾದ ಮೇಲೆ ಕೊಳದ ನೀರಿಗೂ ಎರಡು ಮೂರು ವಾರ ಕೊಡಿ. ಮಾರ್ಚ್ ಕೊನೆ, ಏಪ್ರಿಲ್ ಒಳ್ಳೆಯದು. ಡಿಸೆಂಬರ್‌ನಲ್ಲೇ ರಜೆ, ಮಕ್ಕಳು ಈಜಲೇಬೇಕು ಅಂದರೆ ಒಂದು ದಿನ ಚಾರ್ಮಾಡಿ ಘಾಟಿ ಇಳಿದುಬಿಡಿ. ಆಗ ಮಂಗಳೂರಿನ ಕಡಲ ನೀರು 28 ಡಿಗ್ರಿ ಆಸುಪಾಸು ಇರುತ್ತದೆ. ಪಣಂಬೂರಿನಂತೆ ಜೀವರಕ್ಷಕರಿರುವ ಕಡೆಯೇ ಇಳಿಯಿರಿ, ಅವರು ಹೇಳಿದಷ್ಟು ದೂರಕ್ಕೆ ಮಾತ್ರ.